ಎಡಗಡೆಯ ಬ್ರೇಕು

ಮಂಡಕ್ಕಿ ಭಟ್ಟಿಯ ಹಿಂದೆ, ಹೊಗೆ ಹಿಡಿದ ಬೇವಿನ ಕೆಳಗೆ
ನನ್ನ ಮಾರುತಿ ಬಾಯಿ ತೆರೆದು ನಿಂತಿದೆ.
ದಾದಾಪೀರ್ ಡಿಪ್‌ಸ್ಟಿಕ್ಕು ಎಳೆದು ಬಿಸಿಲಿಗೆ ಹಿಡಿದ:
"ನೋಡ್ರಿ ಅಕ್ಕಾರೆ, ಆಯಿಲು ಚಾ ಆಗೇತಿ."
ನಿಜ. ಹಾಲು ಹೆಚ್ಚಾದ ಚಹಾದ ಬಣ್ಣ.

ಮಂಡಕ್ಕಿ ಪೊಟ್ಟಣ ಬಿಚ್ಚಿ ಅದರ ಬೆನ್ನಿಗೆ ಬರೆದುಕೊಟ್ಟ:
ಹೆಡ್ ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟು, ತುಕ್ಕು ತಿಂದ ನೆಲಕ್ಕೆ ತಗಡು.
ಒಟ್ಟು ಮೂವತ್ತೊಂದು ಸಾವಿರ.
ಮಾರಿದರೆ ಇಪ್ಪತ್ತೆರಡು.
ಗುಜರಿಯವನು ತೂಕಕ್ಕಿಟ್ಟರೆ ಹದಿನಾಲ್ಕು,
ಅದೂ ಬ್ಯಾಟರಿ ಸೇರಿಸಿ.

ಲೆಕ್ಕ ಅಷ್ಟೇ. ಅದಕ್ಕೆ
ಎಸ್ಸೆಸ್ಸೆಲ್ಸಿ ಕೂಡ ಬೇಡ.

ಆದರೆ ಈ ಕ್ಲಚ್ಚು ಹೇಗೆ ಸವೆಯಿತೆಂದು ಚೀಟಿಯಲ್ಲಿಲ್ಲ.
ಹತ್ತಿ ಮಿಲ್ಲಿನ ಖಾಲಿ ಮೈದಾನದಲ್ಲಿ
ತಿಂಗಳಿಡೀ ಅರ್ಧ ಕ್ಲಚ್ಚಿನಲ್ಲೇ ಓಡಿಸಿದ
ಚೌಕಿಪೇಟೆ ಬಟ್ಟೆಯಂಗಡಿಯ ಸೊಸೆ ಶಿವಲೀಲಾ,
ಮಾವನಿಗೆ ಹೊಲಿಗೆ ಕ್ಲಾಸೆಂದು ಹೇಳಿ ಬರುತ್ತಿದ್ದಳು;
ರಿವರ್ಸ್ ಎಂದರೆ ಕಣ್ಣು ಮುಚ್ಚುತ್ತಿದ್ದ ಡ್ರಾಯಿಂಗ್ ಮೇಷ್ಟ್ರು;
ಹಾಲಿನ ಬೂತಿನ ಕಂಬಕ್ಕೆ ಮುತ್ತಿಟ್ಟು
ಮೂರು ದಿನ ಮುಖವೇ ತೋರಿಸದ ಗರಡಿಮನೆ ಪೈಲ್ವಾನ.
ಪಕ್ಕದ ಸೀಟಿನಲ್ಲಿ ನಾನು. ನನ್ನ ಕಾಲ ಕೆಳಗೆ
ನನ್ನದೇ ಬೇರೆ ಬ್ರೇಕು.

"ಹರಿಹರದಾಗ ಒಂದು ಝೆನ್ ಐತಿ, ಅರವತ್ತಕ್ಕೆ ಕೊಡ್ತಾರೆ."
ಅರವತ್ತು ಕೊಟ್ಟು ಯಾರದೋ ಗುಟ್ಟು ಕೊಳ್ಳಬೇಕು:
ಯಾವ ಮಳೆಗೆ ಎಲ್ಲಿ ಮುಳುಗಿತ್ತೋ,
ಮೀಟರು ಎಷ್ಟು ಸಲ ಹಿಂದಕ್ಕೆ ತಿರುಗಿತ್ತೋ.
ಇದರ ಕಾಯಿಲೆಗಳನ್ನಾದರೆ ಹೆಸರು ಹಿಡಿದು ಕರೆಯಬಲ್ಲೆ.

"ನಿಂದಾಗಿದ್ರೆ ಏನು ಮಾಡ್ತಿದ್ದೆ?"
"ನಂದಾಗಿದ್ರೆ ಕೂಲಿ ಬೀಳ್ತಿರಲಿಲ್ಲಲ್ಲ," ಎಂದು ನಕ್ಕು
ಇನ್ನೊಂದು ಗಾಡಿಯ ಹೊಟ್ಟೆಗೆ ಕೈ ಹಾಕಿದ.

ಆಟೋ ಹಿಡಿದೆ. ಅರುಣಾ ಸರ್ಕಲ್ಲಿನಲ್ಲಿ
ಭತ್ತದ ಟ್ರ್ಯಾಕ್ಟರೊಂದು ಅಡ್ಡ ನುಗ್ಗಿತು.
ಆಟೋದವನಿಗಿಂತ ಮೊದಲು
ನನ್ನ ಬಲಗಾಲು ಒತ್ತಿತು.
ಕೆಳಗೆ ಬರೀ ತಗಡು,
ಯಾರೋ ಬಿಟ್ಟುಹೋದ ಬಸ್ ಟಿಕೆಟು.

ಮನೆ ಮುಟ್ಟುವ ಮೊದಲೇ ಫೋನು ಮಾಡಿದೆ.
ಗ್ಯಾಸ್ಕೆಟ್ಟು ಹಾಕು. ಕ್ಲಚ್ಚೂ ಹಾಕು.
ತಗಡು ಕಲಿಯುವವರ ಕಡೆ ಮಾತ್ರ ಹೊಡಿ,
ನನ್ನ ಕಡೆಯ ತೂತಿಗೆ ಸದ್ಯ ಮ್ಯಾಟು ಸಾಕು.
"ಹಂಗಾರೆ ಇಪ್ಪತ್ತಾರು ಕೊಡ್ರಿ."
ಇಪ್ಪತ್ತನಾಲ್ಕು, ಎಂದೆ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಅತ್ತ ಕಡೆ ಸ್ಪ್ಯಾನರು ಕಲ್ಲಿಗೆ ಬಿದ್ದ ಸದ್ದು.