ಎಂದಿನಂತೆ

ಲಕೋಟೆ ಒಡೆದವಳು ನಾನೇ.
ಚೀಟಿ ಎತ್ತಿದ್ದು ಕಂಪ್ಯೂಟರು, ಯಾರ ಕೈವಾಡವೂ ಇಲ್ಲ:
ಎಡೆಲ್ಮೀರಾ ವೆಂಚುಯಾನ್, ಮೂವತ್ತೊಂದು ವರ್ಷ,
ಹದಿನಾರು ವಾರದ ಬಸುರಿ,
ಎರಡನೇ ಗುಂಪು.

ಮೊದಲ ಗುಂಪಿಗೆ ವಾರಕ್ಕೆ ಮೂರು ಸಲ
ಬಂದರಿನ ಪಕ್ಕದ ಕಟ್ಟಡದಲ್ಲಿ ವ್ಯಾಯಾಮ.
ನೀಲಿ ಚಾಪೆ, ರಬ್ಬರು ಪಟ್ಟಿ,
ಬಸುರಿಯ ಹೊಟ್ಟೆಗಿಂತ ದೊಡ್ಡ ಗಾಳಿಚೆಂಡು,
ಉಸಿರು ಎಣಿಸಲು ಒಬ್ಬಳು ಹುಡುಗಿ.
ಎರಡನೆಯದಕ್ಕೆ ಒಂದೇ ಸಾಲು:
"ಎಂದಿನಂತೆ ಇರಿ."

ಓದಿ ಹೇಳಿದೆ. "ಅಷ್ಟೇನಾ?" ಅಂದಳು.
ಅಷ್ಟೇ.
ವ್ಯಾಯಾಮ ಮಾಡುತ್ತೀರಾ ಎಂಬ ಪ್ರಶ್ನೆಗೆ
ಇಲ್ಲ ಅನ್ನುವ ಚೌಕದಲ್ಲಿ ಗೀಟು ಹಾಕಿದೆ.
ಅವಳೇ ಹೇಳಿದ್ದು, ನಗುತ್ತಾ,
"ಅದಕ್ಕೆಲ್ಲ ಪುರುಸೊತ್ತೆಲ್ಲಿ?"

ವಾಲ್ಪರೈಸೊ ಊರೇ ಹಾಗೆ.
ಕೂಲಿ ಕೆಳಗೆ, ಕಡಲ ಮಗ್ಗುಲಲ್ಲಿ;
ಮನೆ ಮೇಲೆ, ಮೋಡದ ಮಗ್ಗುಲಲ್ಲಿ;
ನಡುವೆ ಮೆಟ್ಟಿಲು.
ಅವಳ ಗುಡ್ಡದ ಹಗ್ಗದ ಗಾಡಿ ಕೆಟ್ಟು ಆರು ವರ್ಷ.
"ದುರಸ್ತಿಯಲ್ಲಿದೆ" ಎಂಬ ಫಲಕಕ್ಕೇ
ಈಗ ದುರಸ್ತಿ ಬೇಕು.

ಸೊಂಟಕ್ಕೆ ಸಿಕ್ಕಿಸಿ ಕಳಿಸಿದ್ದ ಸಣ್ಣ ಯಂತ್ರ
ಏಳು ದಿನದ ಹೆಜ್ಜೆ ಹೊತ್ತು ವಾಪಸು ಬಂತು.
ದಿನಕ್ಕೆ ಹತ್ತೊಂಬತ್ತು ಸಾವಿರ.
ಯಂತ್ರ ಕೆಟ್ಟಿದೆ ಅಂದುಕೊಂಡು ಇನ್ನೊಂದು ಕೊಟ್ಟೆ.
ಅದೂ ಹಾಗೇ ಕೆಟ್ಟಿತು.

ಡಾಕ್ಟರ್ ಇತುರ್ರಿಯೆತಾ ಕನ್ನಡಕ ಹಣೆಗೇರಿಸಿ
"ಇವಳು ಗುಂಪನ್ನೇ ಕೆಡಿಸುತ್ತಾಳಲ್ಲ" ಅಂದರು.
ಸಿಟ್ಟಿನಿಂದಲ್ಲ, ಪಾಪ.
ಅವರಿಗೆ ಎರಡು ಗೆರೆ ಬೇಕಿತ್ತು,
ಒಂದು ನಡೆಯುವ ತಾಯಂದಿರದು, ಒಂದು ಕೂತವರದು,
ನಡುವೆ ಕಣ್ಣಿಗೆ ಕಾಣುವಷ್ಟು ಜಾಗ.

ಮೂವತ್ತನಾಲ್ಕನೇ ವಾರ ಅವಳು ಬರಲಿಲ್ಲ.
ಕಾಗದಪತ್ರ, ರಕ್ತದೊತ್ತಡದ ಪಟ್ಟಿ ಚೀಲಕ್ಕೆ ತುರುಕಿ
ನಾನೇ ಹತ್ತಿದೆ.
ಓದಿ ಸೂಲಗಿತ್ತಿಯಾದವಳು ನಾನು, ಎಣಿಸುವುದು ಚಟ.
ನೂರಕ್ಕೆ ಕೋಟು ಬಿಚ್ಚಿದೆ.
ನೂರೈವತ್ತಕ್ಕೆ ನಾಯಿಯೊಂದು ನನ್ನ ನೋಡಿ ದಾರಿ ಬಿಟ್ಟಿತು.
ನೂರ ತೊಂಬತ್ತರಲ್ಲಿ ಅವಳೇ ಕೂತಿದ್ದಳು,
ಹೋಟೆಲಿನ ಹಾಸಿಗೆ ಬಟ್ಟೆಯ ಗಂಟು ಪಕ್ಕದಲ್ಲಿ,
ಒಗೆದು ಇಸ್ತ್ರಿ ಮಾಡಿ ಕೆಳಗೊಯ್ಯುವ ಗಂಟು.

"ಇಲ್ಲಿ ಒಂದು ಗಳಿಗೆ ಕೂರುತ್ತೇನೆ," ಅಂದಳು.
"ಹತ್ತುವಾಗ ಇಳಿಯುವಾಗ ಕೂಸು ನಿದ್ದೆ ಹೊಡೆಯುತ್ತೆ.
ಕೂತೆನೋ, ಒದೆಯುತ್ತೆ."
ನನ್ನ ಏದುಸಿರು ಇಳಿಯಲೆಂದು ಕಾದು ಕೇಳಿದಳು,
"ಆ ಇನ್ನೊಂದು ಗುಂಪಿನವರು
ನಡುವೆ ಕೂರುತ್ತಾರಾ?"

ಕೂರುತ್ತಾರೆ. ಹತ್ತು ನಿಮಿಷಕ್ಕೆ ಎರಡು ನಿಮಿಷ.
ನೀರು ಕೊಡುತ್ತೇವೆ.
ಕೊನೆಗೆ ಹದಿನೈದು ನಿಮಿಷ ದೀಪ ಆರಿಸಿ ಮಲಗಿಸುತ್ತೇವೆ.
ಒಂದೊಂದು ಬಾಳೆಹಣ್ಣು.

"ಬಾಳೆಹಣ್ಣು ಬೇರೆ," ಅಂದಳು.
ತುಸು ಹೊತ್ತು ಕಡಲು ನೋಡಿದಳು, ಒಂದು ಹಡಗು
ತಿರುಗಲಾರದೆ ತಿರುಗುತ್ತಿತ್ತು.
"ಅವರಿಗೆ ನೀವು ಕಲಿಸುವುದು ಕೂರುವುದನ್ನ."

ತೋಳಿಗೆ ಪಟ್ಟಿ ಸುತ್ತಿದೆ. ನೂರ ನಲವತ್ತೆಂಟು, ತೊಂಬತ್ತಾರು.
ಮತ್ತೆ ಸುತ್ತಿದೆ. ಹಾಗೇ ಇತ್ತು.
ಪಾದಕ್ಕೆ ಬೆರಳೊತ್ತಿದರೆ ಗುಳಿ, ತುಂಬಲು ತಡ.
ಟ್ಯಾಕ್ಸಿ ಇಲ್ಲಿಗೆ ಬಾರದು, ಸ್ಟ್ರೆಚರು ತಿರುವಿನಲ್ಲಿ ಹಿಡಿಸದು.
ಗಂಟು ನನ್ನ ತಲೆಗೆ ಬಂತು.
ಅವಳ ಕೈ ನನ್ನ ಹೆಗಲಿಗೆ.
ಒಂದೊಂದೇ ಮೆಟ್ಟಿಲು, ಒಂದೊಂದಕ್ಕೂ ನಿಂತು,
ಇಳಿದೆವು.

ಮಗು ಆರನೇ ದಿನ ಹುಟ್ಟಿತು. ಹೆಣ್ಣು.
ಎರಡು ಕೇಜಿ ಇನ್ನೂರ ಹತ್ತು ಗ್ರಾಂ.
ಅಳು ಮಾತ್ರ ನಾಲ್ಕು ಕೇಜಿಯದು.

ಪ್ರಬಂಧ ಅಚ್ಚಾಯಿತು. ಗೆರೆಗಳ ನಡುವೆ
ಬೇಕಾದಷ್ಟು ಜಾಗವಿತ್ತು, ಅದು ಸುಳ್ಳಲ್ಲ:
ಚಾಪೆಯ ಮೇಲಿನವರಿಗೆ ರಕ್ತದೊತ್ತಡ ಕಡಿಮೆ,
ಸಕ್ಕರೆ ಕಡಿಮೆ, ನಿದ್ದೆ ಒಳ್ಳೆಯದು.
ಅಡಿಟಿಪ್ಪಣಿಯಲ್ಲಿ, ಸಣ್ಣಕ್ಷರದಲ್ಲಿ,
"ಒಬ್ಬರನ್ನು ಲೆಕ್ಕದಿಂದ ಕೈಬಿಡಲಾಗಿದೆ."

ಹೊಸ ಅಧ್ಯಯನದ ನಮೂನೆ ಈಗ ನನ್ನ ಮೇಜಿನ ಮೇಲಿದೆ.
ವ್ಯಾಯಾಮ ಮಾಡುತ್ತೀರಾ, ಹೌದು, ಇಲ್ಲ.
ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ,
ಡಾಕ್ಟರು ಅಳಿಸಿದರೆ ಅಳಿಸಲಿ:
ನಿಮ್ಮ ಮನೆಗೆ ಎಷ್ಟು ಮೆಟ್ಟಿಲು?
ಎಷ್ಟನೆಯದರಲ್ಲಿ ಕೂರುತ್ತೀರಿ?