ಟೈಪಿಂಗ್ ಸೆಂಟರ್, ರೋಲಾ

ನನ್ನ ಥೀಸಿಸಿನ ಮೂರನೇ ಅಧ್ಯಾಯ ಮೊಯ್ದಿನಬ್ಬರದು.
ಶಾರ್ಜಾದಲ್ಲಿ ಇಪ್ಪತ್ತಾರು ವರ್ಷ
ಇನ್ನೊಬ್ಬರ ಅರ್ಜಿ ಬರೆದವರು.

ಟಿಪ್ಪಣಿ ಮಾಡಿಕೊಂಡೆ:
ರಜೆ ಕೇಳುವಾಗ ತಾಯಿಯ ಕಾಯಿಲೆ
ಮೊದಲ ಸಾಲಿಗೆ ಬರಕೂಡದು.
"ಮುಗಿಸಿದ ಕೆಲಸ ಮೊದಲು. ಆಸ್ಪತ್ರೆ ಆಮೇಲೆ.
ಅಳು ಬೇಡವೇ ಬೇಡ,
ಒದ್ದೆ ಕಾಗದದಲ್ಲಿ ಸೀಲು ಕೂರುವುದಿಲ್ಲ."

ಇದಕ್ಕೆ ಗ್ರೀಕರಲ್ಲೊಂದು ಹೆಸರಿದೆ ಎಂದೆ.
"ಇರಬಹುದು ಮಾರಾಯ್ತಿ,
ಇಲ್ಲಿ ಹದಿನೈದು ದಿರ್ಹಮ್."

ಗೈಡ್ ಮೇಡಂ ಅಂಚಿನಲ್ಲಿ ಕೆಂಪಗೆ ಕೇಳಿದ್ದಾರೆ:
ನಿನ್ನ ವಾದ ಎಲ್ಲಿ?

ಸ್ಕಾಲರ್‌ಶಿಪ್ ಮುಗಿಯಲು ಒಂಬತ್ತು ದಿನ.
ಸಂಜೆ ಸಾಲಲ್ಲಿ ನಿಂತೆ,
ಮೊಣಕೈಗೆ ನೀಲಿ ಪೇಂಟು ಹತ್ತಿದವನೊಬ್ಬನ ಹಿಂದೆ.
ಅವಧಿ ವಿಸ್ತರಣೆಗೊಂದು ಅರ್ಜಿ ಬೇಕು, ಎಂದೆ.

ಅವರು ತಲೆ ಎತ್ತಲಿಲ್ಲ.
ಕೀಲಿಗಳ ಮೇಲೆ ಬೆರಳಿಟ್ಟು ಕಾದರು:
"ಏನು ಮುಗಿಸಿದ್ದಿ,
ಅದು ಹೇಳು ಮೊದಲು."