ಹದಿನಾಲ್ಕು ಗಂಟೆಯ ಹಗಲು

ಹನ್ನೊಂದು ಮೊಟ್ಟೆ ದೀಪಕ್ಕೆ ಹಿಡಿದೆ.
ಹನ್ನೊಂದೂ ತಿಳಿ.
ಜೇಡನ ಕಾಲಿನಂಥ ಕೆಂಪು ನರ ಒಂದರಲ್ಲೂ ಇಲ್ಲ,
ಒಳಗೆ ಬರೀ ಹಳದಿ
ಸುಮ್ಮನೆ ಹೊರಳುತ್ತಿತ್ತು.

'ಹುಂಜ ಕೆಲಸಕ್ಕೆ ಬಾರದು' ಅಂದ ಪಕ್ಕದ ಮನೆಯ ಎಲ್ಯಾಸ್
ಕೊಡಲಿಯ ಅಲಗಿಗೆ ಹೆಬ್ಬೆರಳು ಸವರುತ್ತ.
'ಸಾರಿಗಾದೀತು.'
ಅವನಿಗೆ ಎಲ್ಲದಕ್ಕೂ ಸಾರೇ ಪರಿಹಾರ.

ನಿನಗೆ ಕೇಳಿಸಿತೋ ಇಲ್ಲವೋ, ರೊವಾಸ್ತಿ,
ದೊಡ್ಡ ಪಾದ್ರಿಯ ಗತ್ತಿದೆಯೆಂದು ಈ ಹೆಸರಿಟ್ಟಿದ್ದೆ,
ಮೂಲೆಯ ಒಣಹುಲ್ಲಲ್ಲಿ ಒಂಟಿಕಾಲಲ್ಲಿ ನಿಂತಿದ್ದೆ ನೀನು,
ಜುಟ್ಟು ಹೋದ ವರ್ಷದ ಲಿಂಗನ್ ಹಣ್ಣಿನ ಹಾಗೆ ಸುಕ್ಕಿ.

ಸೂರ್ಯ ಹುಟ್ಟದೆ ಆಗಲೇ ಮೂರನೆಯ ವಾರ.
ಕಿತ್ತಿಲದ ನಾವು ಇದಕ್ಕೆ ಕಾಮೋಸ್ ಅನ್ನುತ್ತೇವೆ:
ಮಧ್ಯಾಹ್ನಕ್ಕೊಮ್ಮೆ ದಿಗಂತ ನೀಲಿಗಟ್ಟುತ್ತದೆ,
ಯಾರೋ ಬಾಗಿಲು ಸರಿಸಿ ಇಣುಕಿ
ಮತ್ತೆ ಮುಚ್ಚಿಕೊಂಡ ಹಾಗೆ.

ಪಶುವೈದ್ಯೆ ಹೆಲ್ಕಾ ಹಿಮದ ಸ್ಕೂಟರಿನಲ್ಲಿ ಬಂದಳು.
ನಿನ್ನ ಬೆನ್ನು ನೇವರಿಸಿ, ಬಾಲದಡಿ ಒತ್ತಿ,
ಹನಿಯೊಂದನ್ನು ಗಾಜಿನ ಮೇಲಿಟ್ಟು ನೋಡಿದಳು.
ಒಂದೂ ಈಜುತ್ತಿರಲಿಲ್ಲ.

ಕಾಫಿಗೆ ಕೂತಾಗ ಹೇಳಿದಳು:
ಕೋಳಿ ಬೆಳಕನ್ನು ಕಣ್ಣಿಂದಷ್ಟೇ ಕಾಣುವುದಲ್ಲವಂತೆ.
ಬುರುಡೆ ಅಷ್ಟು ತೆಳು,
ಹಗಲು ನೆತ್ತಿ ತೂರಿ ಮಿದುಳಿನ ಬುಡಕ್ಕೆ ಇಳಿಯುತ್ತದಂತೆ.
ಅಲ್ಲೊಬ್ಬ ಗುಮಾಸ್ತ ಕೂತು ಗಂಟೆ ಎಣಿಸುತ್ತಾನೆ.
ಹಗಲು ಸಾಕಷ್ಟು ಉದ್ದವಿದ್ದರೆ
ಕೆಳಗಿನ ಗ್ರಂಥಿಗೊಂದು ಚೀಟಿ,
ಗ್ರಂಥಿಯಿಂದ ರಕ್ತಕ್ಕೆ ಎರಡು ಹಾರ್ಮೋನು,
ಒಂದು ಬೀಜಕಣಗಳ ಸಾಕಲು,
ಇನ್ನೊಂದು ಟೆಸ್ಟೊಸ್ಟೆರಾನ್ ಕುದಿಸಲು.
ಜುಟ್ಟಿನ ಕೆಂಪು, ಕೂಗಿನ ಕೊಬ್ಬು,
ಒಂದು ರೆಕ್ಕೆ ನೆಲಕ್ಕಿಳಿಸಿ ಹೇಂಟೆಯ ಸುತ್ತ ಸುತ್ತುವ ಆ ಕುಣಿತ,
ಎಲ್ಲ ಅದರದೇ ಉಪಕಾರ.
ಕತ್ತಲು ಹೆಚ್ಚಿದರೆ ಗುಮಾಸ್ತ ಕಚೇರಿ ಮುಚ್ಚುತ್ತಾನೆ.
ಒಳಗೆ, ಬೆನ್ನುಮೂಳೆಗೆ ಅಂಟಿದ ವೃಷಣಗಳು
ಪಾರಿವಾಳದ ಮೊಟ್ಟೆಯಷ್ಟಿದ್ದವು
ಒಣ ಬಟಾಣಿಯಾಗುತ್ತವೆ.

'ತಪ್ಪು ಅವನದಲ್ಲ ಇಂಪಿ, ಡಿಸೆಂಬರಿನದು.'

ಸಕ್ಕರೆ ಹಾಕಿದ್ದ ಬಟ್ಟಲಿಗೆ ಮತ್ತೆ ಸಕ್ಕರೆ ಹಾಕಿದೆ.

ಒಂಬತ್ತು ವರ್ಷ ರೊವಾನಿಯೆಮಿಯ ಆಸ್ಪತ್ರೆಗೆ ಅಲೆದವಳು ನಾನು.
ಬಸ್ಸಿನಲ್ಲಿ, ಒಬ್ಬಳೇ.
ರಕ್ತ, ಮೂತ್ರ, ಕ್ಯಾಲೆಂಡರು, ತಣ್ಣನೆಯ ಉಕ್ಕು.
ತಾವೆತ್ತಿ ಮನೆಯ ಹಿಂದೆ ಸೌದೆ ಒಡೆಯುತ್ತಿದ್ದ,
ಅಗಲ ಭುಜ, ಕಾಡಿಗೆ ಕೇಳುವ ದನಿ.
ಅವನ ಹನಿಯನ್ನೂ ಗಾಜಿನ ಮೇಲಿಟ್ಟು ನೋಡೋಣ ಎಂದು
ಯಾವ ಡಾಕ್ಟರೂ ಅನ್ನಲಿಲ್ಲ.
ನಾನೂ ಅನ್ನಲಿಲ್ಲ.
ಅವನೀಗ ಚರ್ಚಿನ ಹಿಂದೆ, ಹಿಮದ ಕೆಳಗೆ.

ಒಂದು ಬಲ್ಬು, ಒಂದು ಟೈಮರು.
ಬೆಳಗಿನ ಐದಕ್ಕೆ ಹೊತ್ತಿ ಸಂಜೆ ಏಳಕ್ಕೆ ಆರುವ ಹಗಲು.
ಮೊದಲ ವಾರ ಅನುಮಾನದಿಂದ ಕತ್ತು ಓರೆಮಾಡಿ ನೋಡಿದೆ.
ಮೂರನೆಯ ವಾರ ಜುಟ್ಟಿನ ಬುಡಕ್ಕೆ ಬಣ್ಣ ಬಂತು.
ಐದನೆಯದರಲ್ಲಿ, ಮೈನಸ್ ಮೂವತ್ತೊಂದರ ಬೆಳಿಗ್ಗೆ,
ಬಾಗಿಲು ತೆಗೆದ ನನ್ನ ಮೇಲೇ ಎಗರಿದೆ,
ಬೂಟಿಗೆ ಕುಕ್ಕಿದೆ.
ಬೈದೆ. ನಗುತ್ತಲೇ ಬೈದೆ.

ಇವತ್ತು ಏಳು ಮೊಟ್ಟೆ ದೀಪಕ್ಕೆ ಹಿಡಿದೆ.
ನಾಲ್ಕು ತಿಳಿ. ಒಂದು ಗೊತ್ತಾಗಲಿಲ್ಲ.
ಎರಡರಲ್ಲಿ ಕೆಂಪು ಎಳೆ,
ನಡುವೆ ಚುಕ್ಕಿಯೊಂದು ಮಿಡುಕುತ್ತಿತ್ತು.

ಎಲ್ಯಾಸನಿಗೆ ಇನ್ನೂ ಹೇಳಿಲ್ಲ.
ಉಣ್ಣೆಯ ಟೋಪಿ ತೆಗೆದು
ನಿನ್ನ ಬಲ್ಬಿನ ಕೆಳಗೆ ಸ್ವಲ್ಪ ಹೊತ್ತು ನಿಂತೆ.
ನನ್ನ ಬುರುಡೆ ದಪ್ಪ, ಗೊತ್ತು.
ಆದರೂ ನಿಂತೆ.